ಸಮುದ್ರದ ವಿಚಿತ್ರ ಮೀನುಗಳು: ಶಾರ್ಕ್ ಮೊದಲಾದವುಗಳ ವಿಷಯವಾದ ಪಾಠ



ಭೀಮನಬೀಡು, ತೆರಕಣಾಂಬಿ, ಗುಂಡ್ಲುಪೇಟೆ ಇವುಗಳ ಸುತ್ತಣ ಹಳ್ಳಿಗಳಲ್ಲಿ ವಾಸಿಸುವ ನಮ್ಮಲ್ಲಿ ಅನೇಕರು ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಆದರೂ ಸಮುದ್ರದ ಮೀನು ನಮಗೆ ತೀರ ಅಪರಿಚಿತವಾದದ್ದೂ ಅಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಮೇಲೆ ಹೋಗಿ ತಾಮರಶೇರಿ ಘಟ್ಟವನ್ನಿಳಿಯುವ ದಾರಿಯು ಕೋಳಿಕ್ಕೋಡಿನ ಕಡಲತೀರವನ್ನೇ ಮುಟ್ಟುವದು. ಉಪ್ಪು ಹಾಕಿ ಒಣಗಿಸಿದ ಮೀನು ಕಡಲತೀರದಿಂದ ಘಟ್ಟ ಹತ್ತಿ ಒಳನಾಡಿನ ಸಂತೆಗಳಿಗೆ ಬರುವದುಂಟು. ಒಣಮೀನಿನ ರಾಶಿಯಲ್ಲಿ ಒಂದೊಂದು ಸಾರಿ ಮುಳ್ಳಿಲ್ಲದ, ದಪ್ಪ ನಾರುಳ್ಳ, ಮೂಗಿಗೆ ಖಾರವಾಗಿ ನಾರುವ ತುಂಡುಗಳು ಕಾಣುವವು. ಅವು ಸಮುದ್ರದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಹೆದರಿಕೆ ಹುಟ್ಟಿಸುವ ಶಾರ್ಕ್ ಎಂಬ ಮೀನಿನ ತುಂಡುಗಳಾಗಿರಬಹುದು. ನಮ್ಮ ಕರಾವಳಿಯವರು ಇದನ್ನು ತಾಟೆ ಎಂದು ಕರೆಯುತ್ತಾರೆ.

ಈ ಮೀನು ಎಂಥದು, ಇದರ ಬಂಧುಗಳು ಯಾವುವು, ಹೆದರಿಕೆ ಹುಟ್ಟಿಸುವ ಈ ಪ್ರಾಣಿಯೇ ಇಂದು ಯಾಕೆ ಅಪಾಯಕ್ಕೆ ಸಿಕ್ಕಿದೆ ಎಂಬದನ್ನು ಈ ಪಾಠದಲ್ಲಿ ಕ್ರಮವಾಗಿ ನೋಡೋಣ.

1. ಶಾರ್ಕಿನ ಮೈಕಟ್ಟು

ನಮ್ಮ ಕೆರೆಯ ಮೀನಿಗೂ ಶಾರ್ಕಿಗೂ ಇರುವ ಮೊದಲನೆಯ ಭೇದವು ಎಲುಬಿನಲ್ಲಿದೆ. ನಿಮ್ಮ ಕಿವಿಯ ಮೇಲಂಚನ್ನೂ ಮೂಗಿನ ತುದಿಯನ್ನೂ ಬೆರಳಿನಿಂದ ಬಾಗಿಸಿ ನೋಡಿರಿ. ಅಲ್ಲಿ ಗಟ್ಟಿಯಾದ ಎಲುಬಿಲ್ಲ, ಬಾಗುವ ಮಿದುವಾದ ಎಲುಬು ಇದೆ. ಇದಕ್ಕೆ ಮೃದ್ವಸ್ಥಿ ಎಂದು ಹೆಸರು. ಶಾರ್ಕಿನ ದೇಹದ ಎಲುಬುಗೂಡೆಲ್ಲಾ ಈ ಮೃದ್ವಸ್ಥಿಯಿಂದಲೇ ಆಗಿದೆ. ಆದಕಾರಣ ಅದರ ಮಾಂಸದಲ್ಲಿ ಗಂಟಲಿಗೆ ಚುಚ್ಚುವ ಮುಳ್ಳುಗಳಿಲ್ಲ.

ಎರಡನೆಯದು ಚರ್ಮ. ಕೆರೆಯ ಮೀನಿನ ಮೇಲೆ ಹೆಂಚಿನ ಸಾಲಿನಂತೆ ಪೊರೆಗಳಿರುವವು. ಶಾರ್ಕಿನ ಚರ್ಮದ ಮೇಲಾದರೋ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳಂಥ ಪೊರೆಗಳು ಬಾಲದ ಕಡೆಗೆ ಬಾಗಿ ನಿಂತಿವೆ. ತಲೆಯಿಂದ ಬಾಲಕ್ಕೆ ಕೈಯಾಡಿಸಿದರೆ ನುಣುಪು, ಬಾಲದಿಂದ ತಲೆಗೆ ಆಡಿಸಿದರೆ ಅರದಂತೆ ಒರಟು. ಪೂರ್ವದಲ್ಲಿ ಅನೇಕ ದೇಶಗಳ ಬಡಗಿಗಳು ಮರವನ್ನು ನುಣುಪು ಮಾಡುವದಕ್ಕೆ ಈ ಒಣ ಚರ್ಮವನ್ನೇ ಉಪಯೋಗಿಸುತ್ತಿದ್ದರು.

ಮೂರನೆಯದು ಹಲ್ಲು. ಮನುಷ್ಯನಿಗೆ ಹಲ್ಲು ಎರಡೇ ಸಾರಿ ಹುಟ್ಟುವದು. ಶಾರ್ಕಿಗೆ ಸಾಲಿನ ಹಿಂದೆ ಸಾಲಾಗಿ ಹಲ್ಲುಗಳು ಸಿದ್ಧವಾಗಿದ್ದು, ಮುಂದಿನದು ಬಿದ್ದೊಡನೆ ಹಿಂದಿನದು ಮುಂದಕ್ಕೆ ಬರುವದು. ಅದರ ಜೀವಮಾನವೆಲ್ಲಾ ಹೀಗೆಯೇ ನಡೆಯುವದರಿಂದ ಒಂದು ಶಾರ್ಕ್ ಸಾವಿರಾರು ಹಲ್ಲುಗಳನ್ನು ಉದುರಿಸುವದುಂಟು.

ನಾಲ್ಕನೆಯದು ಈಲಿ ಎಂದು ನಾವು ಕರೆಯುವ ಯಕೃತ್ತು. ಬೇರೆ ಅನೇಕ ಮೀನುಗಳ ಹೊಟ್ಟೆಯಲ್ಲಿ ಗಾಳಿಯ ಚೀಲವೊಂದಿದ್ದು, ಮುಳುಗದಂತೆ ಅವುಗಳನ್ನು ಎತ್ತಿ ಹಿಡಿಯುವದು. ಶಾರ್ಕಿಗೆ ಆ ಚೀಲವಿಲ್ಲ. ಅದಕ್ಕೆ ಬದಲಾಗಿ ಎಣ್ಣೆ ತುಂಬಿದ ದೊಡ್ಡ ಯಕೃತ್ತು ಇದೆ. ಎಣ್ಣೆಯು ನೀರಿಗಿಂತ ಹಗುರವಾದದ್ದೆಂದು ದೀಪ ಹಚ್ಚುವ ನಿಮಗೆ ತಿಳಿದೇ ಇದೆ. ಈ ಎಣ್ಣೆಯಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವವು ಬಹಳವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನಿಂದ ಕಾಡ್ ಮೀನಿನ ಎಣ್ಣೆ ಬರುವದು ನಿಂತುಹೋದಾಗ, ಅಂದಿನ ಮದ್ರಾಸ್ ಸರಕಾರವು ಕೋಳಿಕ್ಕೋಡಿನಲ್ಲಿ ಶಾರ್ಕ್ ಎಣ್ಣೆಯನ್ನು ತೆಗೆಯಿಸಿ ಔಷಧಕ್ಕಾಗಿ ಒದಗಿಸಿತು.

ಒಣ ತುಂಡಿನ ಖಾರವಾದ ನಾತಕ್ಕೂ ಕಾರಣವುಂಟು. ಉಪ್ಪುನೀರಿನಲ್ಲಿ ಬದುಕುವದಕ್ಕಾಗಿ ಶಾರ್ಕು ತನ್ನ ರಕ್ತಮಾಂಸಗಳಲ್ಲಿ ಯೂರಿಯಾ ಎಂಬ ವಸ್ತುವನ್ನು ಇಟ್ಟುಕೊಳ್ಳುವದು. ನೀವು ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರದಲ್ಲಿರುವ ವಸ್ತುವೂ ಇದೇ. ಮೀನು ಸತ್ತ ಮೇಲೆ ಅದು ಕೆಟ್ಟು ಅಮೋನಿಯಾ ಎಂಬ ವಾಯುವಾಗಿ ಮೂಗಿಗೆ ಹೊಡೆಯುವದು.

2. ಬೇಟೆಯನ್ನು ಕಂಡುಹಿಡಿಯುವ ಶಕ್ತಿ

ಶಾರ್ಕಿನ ಮೂತಿಯ ಸುತ್ತಲೂ ಸೂಜಿಯ ಮೊನೆಯಿಂದ ಚುಚ್ಚಿದಂತೆ ಅನೇಕ ರಂಧ್ರಗಳಿವೆ. 1678ರಲ್ಲಿ ಇಟಲಿ ದೇಶದ ಲೊರೆಂಜಿನಿ ಎಂಬ ವೈದ್ಯನು ಇವುಗಳನ್ನು ವಿವರಿಸಿ ಬರೆದನು. ಆದರೆ ಇವುಗಳ ಕೆಲಸವೇನೆಂಬದು ಇಪ್ಪತ್ತನೆಯ ಶತಮಾನದವರೆಗೂ ತಿಳಿಯಲಿಲ್ಲ. ಜೀವವುಳ್ಳ ಪ್ರತಿಯೊಂದು ದೇಹದಲ್ಲಿಯೂ, ಹೃದಯವು ಬಡಿಯುವಾಗಲೂ ಸ್ನಾಯುಗಳು ಅಲುಗುವಾಗಲೂ, ಬಹು ಸೂಕ್ಷ್ಮವಾದ ವಿದ್ಯುತ್ತು ಹುಟ್ಟುವದು. ಶಾರ್ಕು ಈ ರಂಧ್ರಗಳ ಮೂಲಕ ಆ ವಿದ್ಯುತ್ತನ್ನು ತಿಳಿದುಕೊಂಡು, ಮರಳಿನೊಳಗೆ ಹುದುಗಿ ಕಣ್ಣಿಗೆ ಬೀಳದ ಮೀನನ್ನೂ ಕಂಡುಹಿಡಿಯುವದು.

ಸುತ್ತಿಗೆ ತಲೆಯ ಶಾರ್ಕ್ ಎಂಬ ಜಾತಿಯಲ್ಲಿ ತಲೆಯು ಎರಡು ಪಕ್ಕಗಳಿಗೂ ಚಾಚಿ ಸುತ್ತಿಗೆಯಂತೆ ಕಾಣುವದು. ಕಣ್ಣುಗಳು ಆ ಸುತ್ತಿಗೆಯ ಎರಡು ಕೊನೆಗಳಲ್ಲಿವೆ. ತಲೆ ಅಗಲವಾದ್ದರಿಂದ ವಿದ್ಯುತ್ತನ್ನು ತಿಳಿಯುವ ರಂಧ್ರಗಳು ಅಗಲವಾಗಿ ಹರಡಿರುವವು. ರೈತನು ಅಗಲವಾದ ಕುಂಟೆಯಿಂದ ಒಂದೇ ಸಾಲಿನಲ್ಲಿ ಹೆಚ್ಚು ನೆಲವನ್ನು ಹರಗುವಂತೆ, ಇದು ತಲೆಯನ್ನಾಡಿಸುತ್ತಾ ಸಮುದ್ರದ ತಳವನ್ನು ಹುಡುಕುವದು.

3. ಶಾರ್ಕಿನ ಬಂಧುಗಳು ಮತ್ತು ಬೇರೆ ವಿಚಿತ್ರ ಮೀನುಗಳು

ಲೋಕದಲ್ಲಿ ಶಾರ್ಕಿನ ಜಾತಿಗಳು 500ಕ್ಕಿಂತ ಹೆಚ್ಚಾಗಿವೆ. ಎಲ್ಲವೂ ದೊಡ್ಡವಲ್ಲ. ನಮ್ಮ ಪಶ್ಚಿಮ ಕರಾವಳಿಯ ಬಲೆಗಳಲ್ಲಿ ಹೆಚ್ಚಾಗಿ ಬೀಳುತ್ತಿದ್ದ ಚಪ್ಪಟೆ ಮೂತಿಯ ಜಾತಿಯೊಂದು ಒಂದು ಮೊಳ ಒಂದೂವರೆ ಮೊಳಕ್ಕಿಂತ ಹೆಚ್ಚು ಬೆಳೆಯುವದಿಲ್ಲ.

ತೊರಕೆ ಮೀನು ಶಾರ್ಕಿನ ಹತ್ತಿರದ ಬಂಧು. ಇದು ಮೊರದಂತೆ ಚಪ್ಪಟೆಯಾಗಿದ್ದು ಸಮುದ್ರದ ಮರಳಿನಲ್ಲಿ ಮಲಗಿರುವದು. ಅನೇಕ ಜಾತಿಗಳ ಬಾಲದಲ್ಲಿ ವಿಷದ ಮುಳ್ಳಿರುವದರಿಂದ, ತುಳಿದವನಿಗೆ ಭಯಂಕರವಾದ ನೋವಾಗುವದು. ತಾಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಗಾಯವಾದ ಅಂಗವನ್ನು ಇಟ್ಟರೆ ನೋವು ಇಳಿಯುವದು, ಆಮೇಲೆ ವೈದ್ಯರಲ್ಲಿಗೆ ಹೋಗಬೇಕು. ತೊರಕೆಯ ಬಳಗದಲ್ಲಿಯೇ ಮುಟ್ಟಿದವನಿಗೆ ವಿದ್ಯುತ್ತಿನ ಪೆಟ್ಟು ಕೊಡುವ ಮೀನೂ ಉಂಟು. ಒಂದನೆಯ ಶತಮಾನದ ರೋಮ್ ದೇಶದ ವೈದ್ಯನೊಬ್ಬನು ತಲೆನೋವಿಗೆ ಇದನ್ನು ಹಣೆಯ ಮೇಲಿಡಬೇಕೆಂದು ಬರೆದಿಟ್ಟಿದ್ದಾನೆ.

ಗರಗಸ ಮೀನು ನೋಡುವದಕ್ಕೆ ಶಾರ್ಕಿನಂತಿದ್ದರೂ ತೊರಕೆಯ ಕುಲಕ್ಕೆ ಸೇರಿದ್ದು. ಇದರ ಮೂತಿಯು ಎರಡು ಅಂಚುಗಳಲ್ಲಿಯೂ ಹಲ್ಲುಗಳುಳ್ಳ ಉದ್ದವಾದ ಗರಗಸವೇ. ಮೀನುಗಳ ಹಿಂಡಿನಲ್ಲಿ ಅದನ್ನು ಬೀಸಿ, ಪೆಟ್ಟು ತಿಂದವುಗಳನ್ನು ತಿನ್ನುವದು. ಬೇಟೆಗೆ ಸಾಧನವಾದ ಈ ಗರಗಸವೇ ಇದಕ್ಕೆ ಉರುಲಾಯಿತು. ಯಾಕಂದರೆ ಬಲೆಯ ಕಣ್ಣುಗಳಲ್ಲಿ ಹಲ್ಲುಗಳು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾರದು. ಒಂದು ಕಾಲದಲ್ಲಿ ಭಾರತದ ಎರಡು ಕರಾವಳಿಗಳಲ್ಲಿಯೂ ಇದ್ದ ಈ ಮೀನು ಈಗ ಕಾಣುವದೇ ಅಪರೂಪ.

ಶಾರ್ಕಿನ ಕುಲಕ್ಕೆ ಸೇರದ ವಿಚಿತ್ರ ಮೀನುಗಳೂ ಉಂಟು. ಕಡಲ ಕುದುರೆ ಎಂಬ ಚಿಕ್ಕ ಮೀನು ನೆಟ್ಟಗೆ ನಿಂತು ಈಜುವದು, ಅದರ ತಲೆ ಕುದುರೆಯ ತಲೆಯಂತೆ ಇರುವದು. ಇದರಲ್ಲಿ ಹೆಣ್ಣು ಗಂಡಿನ ಹೊಟ್ಟೆಯ ಚೀಲದಲ್ಲಿ ಮೊಟ್ಟೆಗಳನ್ನಿಡುವದು, ಮರಿಗಳನ್ನು ಹೊತ್ತು ಹೆರುವದು ಗಂಡು. ಹಾರುವ ಮೀನು ಶತ್ರುವು ಅಟ್ಟಿಸಿಕೊಂಡು ಬಂದಾಗ ನೀರಿನಿಂದ ಚಿಮ್ಮಿ, ರೆಕ್ಕೆಗಳನ್ನು ಹರಡಿ ಗಾಳಿಯಲ್ಲಿ ತೇಲುವದು. 2008ರಲ್ಲಿ ಜಪಾನಿನ ಬಳಿ ಒಂದು ಮೀನು 45 ಸೆಕೆಂಡು ಹಾಗೆ ತೇಲಿದ್ದನ್ನು ಚಿತ್ರ ತೆಗೆದಿದ್ದಾರೆ. ಹೆದರಿದಾಗ ನೀರು ನುಂಗಿ ಚೆಂಡಿನಂತೆ ಉಬ್ಬುವ ಮೀನೊಂದುಂಟು. ಅದರ ಅನೇಕ ಜಾತಿಗಳಲ್ಲಿ ಇರುವ ವಿಷವು ಎಷ್ಟು ಬೇಯಿಸಿದರೂ ಹೋಗುವದಿಲ್ಲ. ಗುರುತು ತಿಳಿಯದ ಮೀನನ್ನು ಅಗ್ಗವೆಂದು ಕೊಂಡು ತಿನ್ನಬಾರದು.

4. ಎಲ್ಲಾ ಮೀನುಗಳಿಗಿಂತ ದೊಡ್ಡದು

ಮೀನುಗಳಲ್ಲಿ ಅತ್ಯಂತ ದೊಡ್ಡದು ತಿಮಿಂಗಿಲ ಶಾರ್ಕ್. ಹೆಸರು ಹೀಗಿದ್ದರೂ ಇದು ತಿಮಿಂಗಿಲವಲ್ಲ. ತಿಮಿಂಗಿಲವು ನಮ್ಮಂತೆ ಗಾಳಿಯನ್ನು ಉಸಿರಾಡಿ ಮರಿಗೆ ಹಾಲುಣಿಸುವ ಪ್ರಾಣಿ. ತಿಮಿಂಗಿಲ ಶಾರ್ಕಾದರೋ ಕಿವಿರುಗಳಿಂದ ಉಸಿರಾಡುವ ನಿಜವಾದ ಮೀನು. ಇದು 12 ಮೀಟರುಗಳಷ್ಟು ಉದ್ದ ಬೆಳೆಯುವದುಂಟು, ಅದಕ್ಕಿಂತ ದೊಡ್ಡವುಗಳನ್ನೂ ಕಂಡಿದ್ದಾರೆ. ಮೂರು ನಾಲ್ಕು ಎತ್ತಿನ ಬಂಡಿಗಳನ್ನು ಸಾಲಾಗಿ ನಿಲ್ಲಿಸಿದರೆ ಎಷ್ಟು ಉದ್ದವಾಗುವದೋ ಯೋಚಿಸಿರಿ. ಬೂದುಬಣ್ಣದ ಬೆನ್ನಿನ ಮೇಲೆ ರಂಗವಲ್ಲಿಯ ಚುಕ್ಕಿಗಳಂತೆ ಬಿಳಿ ಚುಕ್ಕಿಗಳಿವೆ. ಒಂದರ ಚುಕ್ಕಿಗಳು ಇನ್ನೊಂದರಂತಿರುವದಿಲ್ಲ.

ಇಷ್ಟು ದೊಡ್ಡ ದೇಹವಿದ್ದರೂ ಇದು ಯಾರನ್ನೂ ಕಚ್ಚುವದಿಲ್ಲ. ಬಾಯನ್ನು ಅಗಲವಾಗಿ ತೆರೆದು ನೀರನ್ನು ಸೋಸಿ, ಅದರಲ್ಲಿರುವ ಅತಿ ಸಣ್ಣ ಜೀವಿಗಳನ್ನೂ ಚಿಕ್ಕ ಮೀನುಗಳನ್ನೂ ತಿನ್ನುವದು. ನಮ್ಮ ರಾಜ್ಯದಲ್ಲಿ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ನೀರಿನಲ್ಲಿ ಮುಳುಗಿ ನೋಡುವವರು ಇದನ್ನು ಕಂಡದ್ದುಂಟು.

ಇಲ್ಲಿ ಕೆಲವರು, ಯೋನನನ್ನು ನುಂಗಿದ ಮೀನು ಇದೇ ಆಗಿತ್ತೋ ಎಂದು ಕೇಳುವರು. ಯೋನನ ಪುಸ್ತಕದಲ್ಲಿ ಅದನ್ನು ದೊಡ್ಡ ಮೀನು ಎಂದು ಹೇಳಿದೆಯೇ ಹೊರತು ಜಾತಿಯ ಹೆಸರಿಲ್ಲ. ತಿಮಿಂಗಿಲ ಶಾರ್ಕಿನ ಬಾಯಿ ಬಹು ಅಗಲವಾದರೂ ಗಂಟಲು ಕಿರಿದಾಗಿರುವದರಿಂದ ಮನುಷ್ಯನನ್ನು ನುಂಗಲಾರದೆಂದು ಬಲ್ಲವರು ಹೇಳುತ್ತಾರೆ. ಶಾಸ್ತ್ರವು ಹೇಳದಿರುವದನ್ನು ನಾವು ಸೇರಿಸಿ ಹೇಳಬಾರದು.

ಗುಜರಾತಿನ ಕರಾವಳಿಯಲ್ಲಿ, ಮುಖ್ಯವಾಗಿ ವೆರಾವಲ್ ಬಂದರಿನ ಸುತ್ತ, 2001ನೆಯ ವರ್ಷದವರೆಗೂ ಈ ಸಾಧುವಾದ ಮೀನನ್ನು ಎಣ್ಣೆಗಾಗಿಯೂ ಮಾಂಸಕ್ಕಾಗಿಯೂ ಬಹಳವಾಗಿ ಕೊಲ್ಲುತ್ತಿದ್ದರು. ಆ ವರ್ಷದಲ್ಲಿ ಭಾರತ ಸರಕಾರವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಇದನ್ನು ಸೇರಿಸಿತು. ಹುಲಿಯನ್ನೂ ಆನೆಯನ್ನೂ ಕೊಲ್ಲಬಾರದೆಂಬ ಪಟ್ಟಿಯೂ ಇದೇ. ಆದರೆ ಕಾನೂನು ಒಂದರಿಂದಲೇ ಕೆಲಸವಾಗಲಿಲ್ಲ. 2004ರಿಂದ ಆ ತೀರದ ಊರುಗಳಲ್ಲಿ ಜನರಿಗೆ ತಿಳುವಳಿಕೆ ಹೇಳಲಾಯಿತು. ರಾಮಾಯಣದ ಪ್ರವಚನಕಾರರಾದ ಮೊರಾರಿ ಬಾಪು ಎಂಬವರು, ಈ ಮೀನು ಹೆರಿಗೆಗೆ ತವರಿಗೆ ಬಂದ ಮಗಳಂತೆ ಎಂದು ಹೇಳಿದ ಮಾತು ಆ ಮೀನುಗಾರರ ಮನಸ್ಸಿಗೆ ನಾಟಿತು. ಮೀನನ್ನು ಬಿಡಿಸುವದಕ್ಕಾಗಿ ಬಲೆಯನ್ನು ಕತ್ತರಿಸಿದವರಿಗೆ ಬಲೆಯ ಬೆಲೆಯನ್ನು ಕೊಡುವ ಏರ್ಪಾಡೂ ಆಯಿತು. ಅಂದಿನಿಂದ ನೂರಾರು ತಿಮಿಂಗಿಲ ಶಾರ್ಕುಗಳು ಅದೇ ಮೀನುಗಾರರ ಕೈಯಿಂದಲೇ ಬಿಡುಗಡೆ ಹೊಂದಿವೆ.

5. ಯಾರಿಗೆ ಯಾರ ಭಯ?

ಶಾರ್ಕೆಂದರೆ ಮನುಷ್ಯರನ್ನು ತಿನ್ನುವ ಮೀನೆಂಬದು ಸಾಮಾನ್ಯವಾದ ಮಾತು. ಕೆಲವು ಜಾತಿಗಳು ಮನುಷ್ಯರನ್ನು ಕಚ್ಚುವದು ನಿಜವೇ. ಆದರೆ ಲೆಕ್ಕವನ್ನು ನೋಡಿರಿ. ಕೆಣಕದೆ ಇದ್ದವರನ್ನು ಶಾರ್ಕು ಕಚ್ಚುವದು ಲೋಕದಲ್ಲೆಲ್ಲಾ ವರ್ಷಕ್ಕೆ ಸುಮಾರು 60ರಿಂದ 70 ಸಾರಿ. ಅದರಿಂದ ಸಾಯುವವರು ಸರಾಸರಿ ಐದಾರು ಮಂದಿ. ನಮ್ಮ ದೇಶವೊಂದರಲ್ಲಿಯೇ 2000ದಿಂದ 2019ರ ವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸುಮಾರು 58,000 ಎಂದು ಪಂಡಿತರು ಅಂದಾಜು ಮಾಡಿದ್ದಾರೆ. ಹೊಲದಲ್ಲಿ ಬರಿಗಾಲಿನಿಂದ ನಡೆಯುವವನಿಗೆ ಇರುವ ಅಪಾಯದ ಮುಂದೆ ಶಾರ್ಕಿನ ಅಪಾಯವು ಏನೂ ಅಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡಿರಿ. 2019ನೆಯ ಒಂದು ವರ್ಷದಲ್ಲಿ ಮನುಷ್ಯರ ಮೀನುಗಾರಿಕೆಯಿಂದ ಸತ್ತ ಶಾರ್ಕುಗಳು ಸುಮಾರು ಎಂಟು ಕೋಟಿ ಎಂದು ಅಂದಾಜು. ಮಹಾಸಾಗರದ ತೆರೆದ ನೀರಿನಲ್ಲಿ ವಾಸಿಸುವ ಶಾರ್ಕು ತೊರಕೆಗಳ ಸಂಖ್ಯೆಯು 1970ರಿಂದ ಐವತ್ತು ವರ್ಷಗಳೊಳಗೆ ನೂರಕ್ಕೆ 71ರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟವಾಯಿತು. ಊರಿನಲ್ಲಿ ನೂರು ದನಗಳಿದ್ದ ಕಡೆಯಲ್ಲಿ ಇಪ್ಪತ್ತೊಂಬತ್ತು ಉಳಿದವೆಂದರೆ ರೈತನಿಗೆ ಹೇಗಾದೀತು?

ಕೆಲವರು ರೆಕ್ಕೆಗಳಿಗಾಗಿ ಹಿಡಿದರು. ಚೀನ ಮೊದಲಾದ ದೇಶಗಳಲ್ಲಿ ಆ ರೆಕ್ಕೆಗಳಿಂದ ಬೆಲೆಯುಳ್ಳ ಸಾರನ್ನು ಮಾಡುವರು. ಭಾರತ ಸರಕಾರವು 2015ರಲ್ಲಿ ಶಾರ್ಕಿನ ರೆಕ್ಕೆಗಳನ್ನು ಹೊರದೇಶಕ್ಕೆ ಕಳುಹಿಸುವದನ್ನು ನಿಷೇಧಿಸಿತು. ಇನ್ನು ಅನೇಕ ಶಾರ್ಕುಗಳು ಬೇರೆ ಮೀನುಗಳಿಗಾಗಿ ಯಂತ್ರದ ದೋಣಿಗಳು ಎಳೆಯುವ ಬಲೆಗಳಲ್ಲಿ ತಾವಾಗಿಯೇ ಬಿದ್ದು ಸಾಯುವವು.

6. ಅಪಾಯದ ಮೂಲಕಾರಣ

ಹಾಗಾದರೆ ಇತರ ಮೀನುಗಳನ್ನೂ ಹಿಡಿಯುತ್ತಾರಲ್ಲಾ, ಅವುಗಳಿಗಿಲ್ಲದ ಕೇಡು ಶಾರ್ಕಿಗೆ ಯಾಕೆ ಎಂದು ಕೇಳಬಹುದು. ಈ ಪಾಠದಲ್ಲಿ ಮುಖ್ಯವಾಗಿ ತಿಳಿಯತಕ್ಕದ್ದು ಇದೇ.

ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ ಅಥವಾ ರೋಹು ಮೀನಿನ ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ಇಡುವದು. ಸಮುದ್ರದ ಬೂತಾಯಿ ಮೀನು ಹತ್ತಾರು ಸಾವಿರ ಮೊಟ್ಟೆಗಳನ್ನಿಟ್ಟು ಬೇಗನೆ ಬೆಳೆಯುವದು. ಶಾರ್ಕಿನ ಕ್ರಮವು ಹೀಗಲ್ಲ. ಕೆಲವು ಜಾತಿಗಳು ತೊಗಲಿನ ಚೀಲದಂಥ ಕವಚದಲ್ಲಿ ಕೆಲವೇ ಮೊಟ್ಟೆಗಳನ್ನಿಡುವವು. ಹೆಚ್ಚಿನವು ಜೀವವುಳ್ಳ ಮರಿಗಳನ್ನೇ ಹೆರುವವು. ಒಂದು ಜಾತಿಯಲ್ಲಿ ಮೊದಲು ಬೆಳೆದ ಮರಿಯು ಗರ್ಭದೊಳಗೇ ಉಳಿದ ಮರಿಗಳನ್ನು ತಿಂದುಬಿಡುವದರಿಂದ ಕೊನೆಗೆ ಹುಟ್ಟುವವು ಎರಡೇ. ತಣ್ಣನೆಯ ಕಡಲಿನಲ್ಲಿರುವ, ಬೆನ್ನಿನಲ್ಲಿ ಮುಳ್ಳುಳ್ಳ ಚಿಕ್ಕ ಶಾರ್ಕೊಂದು ನಮ್ಮ ಬಂಡೀಪುರದ ಆನೆಯಂತೆ ಎರಡು ವರ್ಷಗಳಿಗೆ ಸಮೀಪವಾಗಿ ಗರ್ಭವನ್ನು ಹೊರುವದು. ತಿಮಿಂಗಿಲ ಶಾರ್ಕಿಗೆ ಮರಿಗಳು ಬಹಳ. 1995ರಲ್ಲಿ ತೈವಾನಿನಲ್ಲಿ ಸಿಕ್ಕಿದ ಒಂದರ ಗರ್ಭದಲ್ಲಿ ಸುಮಾರು 300 ಮರಿಗಳಿದ್ದವು. ಆದರೆ ಅದು ಪ್ರಾಯಕ್ಕೆ ಬರುವದಕ್ಕೆ ಇಪ್ಪತ್ತು ಮೂವತ್ತು ವರ್ಷಗಳು ಬೇಕು.

ಉತ್ತರದ ಹಿಮದ ಕಡಲಿನಲ್ಲಿರುವ ಗ್ರೀನ್‌ಲೆಂಡ್ ಶಾರ್ಕಿನ ಸಂಗತಿಯು ಇನ್ನೂ ಆಶ್ಚರ್ಯಕರವಾದದ್ದು. ಅದರ ಕಣ್ಣಿನ ಮಸೂರವನ್ನು ಪರೀಕ್ಷಿಸಿದ ಪಂಡಿತರು, ಅದು ಕಡಿಮೆಯೆಂದರೂ 272 ವರ್ಷ ಬದುಕುವದೆಂದು 2016ರಲ್ಲಿ ತಿಳಿಸಿದರು. ಅದರ ಹೆಣ್ಣು ಮರಿ ಹಾಕುವ ಪ್ರಾಯಕ್ಕೆ ಬರುವದು ಸುಮಾರು 150 ವರ್ಷಗಳಲ್ಲಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಹುಟ್ಟಿದ ಅಂಥ ಮೀನು ಇಂದಿಗೂ ಬದುಕಿರಬಹುದು.

ಇದನ್ನು ಮನೆಯ ಸಂಗತಿಯಿಂದ ತಿಳುಕೊಳ್ಳಿರಿ. ಕೋಳಿಯನ್ನು ಮಾರಿದವನು ಮುಂದಿನ ವರ್ಷದೊಳಗೆ ಹತ್ತು ಕೋಳಿಗಳನ್ನು ಮಾಡಿಕೊಳ್ಳುವನು. ಎಮ್ಮೆಯನ್ನು ಮಾರಿದವನು ಕರುವು ದೊಡ್ಡದಾಗುವ ತನಕ ವರ್ಷಗಟ್ಟಲೆ ಕಾಯಬೇಕು. ಕೋಳಿಯ ಲೆಕ್ಕದಲ್ಲಿ ಎಮ್ಮೆಗಳನ್ನು ಮಾರುತ್ತಾ ಹೋದರೆ ಕೊಟ್ಟಿಗೆ ಬರಿದಾಗುವದು. ಮನುಷ್ಯರು ಬೂತಾಯಿಯನ್ನು ಹಿಡಿದ ಲೆಕ್ಕದಲ್ಲಿಯೇ ಶಾರ್ಕನ್ನೂ ಹಿಡಿದರು. ಹಲ್ಲುಗಳು ಎಷ್ಟು ಹರಿತವಾಗಿದ್ದರೂ ನಿಧಾನವಾಗಿ ಹೆರುವ ಪ್ರಾಣಿಗೆ ಬಲೆಯ ಮುಂದೆ ಬಲವಿಲ್ಲ.

7. ನಮಗೆ ಸಂಬಂಧಪಟ್ಟ ಮಾತುಗಳು

ಸಮುದ್ರದಿಂದ ಇಷ್ಟು ದೂರದಲ್ಲಿರುವ ನಮಗೆ ಇದರಿಂದೇನು ಎನ್ನಬೇಡಿರಿ. ಮೂರು ಸಂಗತಿಗಳು ನಮ್ಮವೇ ಆಗಿವೆ.

ಮೊದಲನೆಯದು, ಅಡಿಗೆಯ ವಿಷಯ. ದಕ್ಷಿಣ ದೇಶದ ಕರಾವಳಿಯ ಕೆಲವೆಡೆಗಳಲ್ಲಿ ಬಾಣಂತಿಗೆ ಹಾಲು ಹೆಚ್ಚುವದೆಂದು ಶಾರ್ಕಿನ ಸಾರನ್ನು ಕೊಡುವ ವಾಡಿಕೆಯುಂಟು. ಆದರೆ ದೊಡ್ಡ ಶಾರ್ಕುಗಳು ಬಹು ವರ್ಷ ಬದುಕಿ ಇತರ ಮೀನುಗಳನ್ನು ತಿನ್ನುವದರಿಂದ, ಸಮುದ್ರದಲ್ಲಿರುವ ಪಾದರಸದ ವಿಷವು ಅವುಗಳ ಮಾಂಸದಲ್ಲಿ ಕೂಡಿಕೊಳ್ಳುವದು. ಒಣಗಿಸಿದರೂ ಬೇಯಿಸಿದರೂ ಅದು ಹೋಗದು. ಗರ್ಭದಲ್ಲಿರುವ ಶಿಶುವಿನ ಮಿದುಳಿಗೂ ಎಳೆಯ ಮಕ್ಕಳ ಮಿದುಳಿಗೂ ಅದರಿಂದ ಕೇಡುಂಟು. ಆದಕಾರಣ ಬಸುರಿಯರೂ ಬಾಣಂತಿಯರೂ ಚಿಕ್ಕ ಮಕ್ಕಳೂ ಶಾರ್ಕನ್ನು ತಿನ್ನದಿರುವದು ಲೇಸು. ಬೂತಾಯಿಯಂಥ ಚಿಕ್ಕ ಮೀನುಗಳಲ್ಲಿ ಪಾದರಸವು ಬಹು ಕಡಿಮೆ, ಪುಷ್ಟಿಯು ಬಹಳ.

ಎರಡನೆಯದು, ನಮ್ಮ ಹೊಳೆಗಳ ವಿಷಯ. ನಿಧಾನವಾಗಿ ಬೆಳೆಯುವ ದೊಡ್ಡ ಮೀನು ಸಮುದ್ರದಲ್ಲಿ ಮಾತ್ರವೇ ಇರುವದಲ್ಲ. ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಮಹಶೀರ್ ಎಂಬ ಬಿಳಿಮೀನು ಇದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರು ಕಬಿನಿ ಹೊಳೆಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಬೆನ್ನಿನಲ್ಲಿ ಗೂನುಳ್ಳ ಆ ಜಾತಿಯು ಈಗ ಉಳಿದಿರುವದು ಕೆಲವೇ ನೀರುಗಳಲ್ಲಿ. ಬಂಡೀಪುರದ ಕಾಡಿನ ದಕ್ಷಿಣದ ಎಲ್ಲೆಯಲ್ಲಿ ಹರಿಯುವ ಮೋಯಾರ್ ಹೊಳೆಯು ಅವುಗಳಲ್ಲಿ ಒಂದು. 2018ರಲ್ಲಿ ಇದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಹೊಳೆಯಲ್ಲಿ ಸಿಡಿಮದ್ದು ಹಾಕುವದೂ ನೀರಿಗೆ ವಿಷ ಬೆರಸುವದೂ ದೊಡ್ಡ ಮೀನನ್ನೂ ಮೊಟ್ಟೆ ಮರಿಗಳನ್ನೂ ಒಟ್ಟಿಗೆ ಕೊಲ್ಲುವ ಕೆಲಸ. ಇದು ಕಾನೂನಿಗೂ ವಿರೋಧವಾದದ್ದು.

ಮೂರನೆಯದು, ಕಾಲವನ್ನು ಕಾಯುವ ವಿಷಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿವಸ, ಯಂತ್ರದ ದೋಣಿಗಳು ಮೀನು ಹಿಡಿಯಬಾರದೆಂಬ ನಿಯಮವಿದೆ. ಆಗ ಅನೇಕ ಮೀನುಗಳು ಮೊಟ್ಟೆಯಿಡುವವು. ನಮ್ಮ ಕೆರೆಗಳ ಮೀನೂ ಹೊಸನೀರು ಬಂದಾಗ ಎದುರು ಹತ್ತಿ ಹೋಗುವದು ಮೊಟ್ಟೆಯಿಡುವದಕ್ಕಾಗಿಯೇ. ಆ ಹೊತ್ತಿನಲ್ಲಿ ಕಾಲುವೆಗೆ ಅಡ್ಡವಾಗಿ ಕೂಳಿಯಿಟ್ಟು ಎಲ್ಲವನ್ನೂ ಬಾಚಿಕೊಳ್ಳುವವನು ಬಿತ್ತನೆಯ ಜೋಳವನ್ನು ಬೀಸಿ ರೊಟ್ಟಿ ಸುಟ್ಟು ತಿಂದವನಿಗೆ ಸಮಾನನು. ಅವನಿಗೆ ಆ ದಿನ ಊಟವುಂಟು, ಸುಗ್ಗಿಯಲ್ಲಿ ಕಣ ಬರಿದು.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಶಾರ್ಕಿನ ಎಲುಬಿಗೂ ಕೆರೆಯ ಮೀನಿನ ಎಲುಬಿಗೂ ಭೇದವೇನು?
2. ಒಣಗಿದ ಶಾರ್ಕಿನ ತುಂಡಿಗೆ ಖಾರವಾದ ನಾತವು ಯಾಕೆ ಬರುವದು?
3. ಗರಗಸ ಮೀನಿಗೆ ಅದರ ಗರಗಸವೇ ಹೇಗೆ ಉರುಲಾಯಿತು?
4. ಗುಜರಾತಿನ ಮೀನುಗಾರರು ತಿಮಿಂಗಿಲ ಶಾರ್ಕನ್ನು ಬಿಟ್ಟುಬಿಡುವದಕ್ಕೆ ಕಾನೂನಿನ ಹೊರತು ಬೇರೆ ಯಾವ ಸಂಗತಿಗಳು ಸಹಾಯವಾದವು?
5. ಬೂತಾಯಿಯನ್ನು ಹಿಡಿದಂತೆ ಶಾರ್ಕನ್ನು ಹಿಡಿಯಬಾರದು ಯಾಕೆ? ಕೋಳಿ ಮತ್ತು ಎಮ್ಮೆಯ ಹೋಲಿಕೆಯಿಂದ ವಿವರಿಸಿರಿ.
6. ನಿಮ್ಮ ಊರಿನ ಕೆರೆಯಲ್ಲಿ ಹಿರಿಯರ ಕಾಲದಲ್ಲಿ ಇದ್ದು ಈಗ ಕಾಣದಿರುವ ಮೀನುಗಳು ಯಾವುವು? ಮನೆಯ ಮುದುಕರನ್ನು ಕೇಳಿಕೊಂಡು ಬಂದು ಕೂಟದಲ್ಲಿ ಹೇಳಿರಿ.